ಏಳನೆಯ ಕರೆ

"ಕಳೆದ ವರ್ಷ ಫಲಿತಾಂಶದ ದಿನ ಒಂದೇ ಒಂದು ಕ್ಷಣಕ್ಕಾದ್ರೂ ಏಳನೇ ಕರೆ ಮಾತಾಡಿದ್ದು ತೋರಿಸಿ, ಈಗಲೇ ಸಹಿ ಹಾಕ್ತೀನಿ," ಎಂದು ಸಾಹೇಬರು ಕರೆಗಳ ಪಟ್ಟಿಯನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟರು. "ಬೆಳಗ್ಗೆಯಿಂದ ಸಂಜೆವರೆಗೂ ಒಂದೇ ಹೊತ್ತಿಗೆ ಆರೇ ಕರೆ. ಆರು, ಆರು, ಆರು. ನೀವು ನೋಡಿದ್ರೆ ಅರವತ್ತು ಲೈನು ಕೇಳ್ತಾ ಇದ್ದೀರಿ!"

"ಇರೋದೇ ಆರು ಲೈನು ಸರ್. ಏಳನೇದು ಎಲ್ಲಿ ಕೂತು ಮಾತಾಡ್ಬೇಕು?" ಎಂದಳು ಲೆಕ್ಕದಮ್ಮ.

ಟೆಲಿಫೋನ್ ಕಂಪನಿಯಲ್ಲಿ ಯಾವ ಸೇವೆಗೆ ಎಷ್ಟು ಲೈನು ಬೇಕೆಂದು ಎಣಿಸುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಮುಂದಿನ ಸೋಮವಾರ ಶಾಲಾ ಪರೀಕ್ಷೆಯ ಫಲಿತಾಂಶ. ಅದನ್ನು ಫೋನಿನಲ್ಲೇ ಕೇಳಲು ಮಕ್ಕಳು ಎಲ್ಲಿಂದಲಾದರೂ ಒಂದು ಉಚಿತ ಸಂಖ್ಯೆ ಒತ್ತಿದರೆ, ಖಾಲಿ ಇರುವ ಲೈನನ್ನು ಜಾಲವೇ ಹುಡುಕಿ ಕೊಡುತ್ತದೆ. ಅದಕ್ಕೆ 'ಬುದ್ಧಿವಂತ ಜಾಲ' ಎಂದೇ ಹೆಸರು. ಬುದ್ಧಿಯ ಹೊಣೆ ಜಾಲದ್ದಾದ ಮೇಲೆ ತಮಗೇಕೆ ಆ ತಾಪತ್ರಯ ಎಂದು ಸಾಹೇಬರು ನಿಶ್ಚಿಂತರಾಗಿದ್ದರು. ಕಳೆದ ವರ್ಷ ಲೆಕ್ಕದಮ್ಮನ ತಂಗಿಯ ಮಗಳು ಇಡೀ ದಿನ ಒತ್ತಿ ಒತ್ತಿ ಸುಸ್ತಾಗಿ, ಸಂಜೆಗೆ ತಾನು ಫೇಲೇ ಎಂದು ತೀರ್ಮಾನಿಸಿ ಮುಸುಕೆಳೆದು ಮಲಗಿಬಿಟ್ಟಿದ್ದಳು. ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದ ಹುಡುಗಿ ಎರಡು ದಿನ ಊಟ ಮುಟ್ಟಿರಲಿಲ್ಲ. ಅದು ನೆನಪಾದಾಗಲೆಲ್ಲ ಲೆಕ್ಕದಮ್ಮನಿಗೆ ತನ್ನ ಕೆಲಸದ ಮೇಲೇ ನಾಚಿಕೆಯಾಗುತ್ತಿತ್ತು.

"ಲೈನು ಸಿಗದೆ ವಾಪಸ್ ಹೋದ ಕರೆ ನಲವತ್ತು ಸಾವಿರ ಸರ್. ಪಟ್ಟಿಯ ಕೆಳಗಡೆ ಇದೆ, ನೋಡಿ."

"ಅದು ಕರೆ ಅಲ್ಲಮ್ಮ, ಚಪಲ. ಒಬ್ಬನೇ ನೂರು ಸಲ ಒತ್ತಿದ್ರೆ ನೂರು ಜನ ಆಗ್ತಾರಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯ ಮನುಷ್ಯ. ಮಾತಾಡಿ ಗಂಟಲು ಒಣಗಿದಾಗಲೆಲ್ಲ ಒಂದು ಲೋಟ ನೀರು ಕುಡಿಯುತ್ತಿದ್ದರು. ಮೂತ್ರಪಿಂಡದಲ್ಲಿ ಕಲ್ಲಿದೆ, ದಿನಕ್ಕೆ ಎರಡು ಹೂಜಿ ನೀರು ಖಾಲಿಯಾಗಲೇಬೇಕು ಎಂದು ಡಾಕ್ಟರು ತಾಕೀತು ಮಾಡಿದ್ದರು. ವಾದ ಏರಿದಂತೆ ಹೂಜಿ ಇಳಿಯಿತು. ಕೊನೆಗೆ ಸಾಹೇಬರು ಎದ್ದರು. ಅವರ ಕೋಣೆಗೆ ಹೊಂದಿಕೊಂಡಿದ್ದ ಶೌಚಾಲಯವನ್ನು ಅಂದು ಕೊಳಾಯಿಯವರು ಅಗೆದು ಹಾಕಿದ್ದರು. ಉಳಿದದ್ದು ಹಜಾರದ ತುದಿಯಲ್ಲಿ, ಇಡೀ ಮಹಡಿಗೆ ಒಂದೇ ಒಂದು.

ಹೋದಷ್ಟೇ ಬೇಗ ವಾಪಸ್ ಬಂದರು. "ನಾಲ್ಕು ಜನ ನಿಂತಿದ್ದಾರೆ," ಎಂದು ಕುಳಿತರು. ಗುಮಾಸ್ತರನ್ನು ಪಕ್ಕಕ್ಕೆ ಸರಿಸಿ ನುಗ್ಗಲು ಅವರ ಹುದ್ದೆ ಒಪ್ಪಲಿಲ್ಲ, ಕೂತಿರಲು ದೇಹ ಒಪ್ಪಲಿಲ್ಲ. ಮತ್ತೆ ಹೋದರು, ಮತ್ತೆ ಬಂದರು. ಇನ್ನೊಮ್ಮೆ ಏಳುವಾಗ ಲೆಕ್ಕದಮ್ಮನಿಗೆ ನಾಲಗೆ ತಡೆಯಲಾಗಲಿಲ್ಲ.

"ಇದು ಮೂರನೇ ಸಲ ಸರ್. ನೀವು ಮೂರು ಜನ ಆದ್ರಾ, ಇಲ್ಲಾ ಚಪಲಾನಾ?"

"ಅರ್ಥ ಆಯ್ತಮ್ಮ, ಅರ್ಥ ಆಯ್ತು! ಬಂದು ಸಹಿ ಹಾಕ್ತೀನಿ," ಎನ್ನುತ್ತಲೇ ಸಾಹೇಬರು ಓಡಿದರು. ಲೆಕ್ಕದಮ್ಮ ಕಡತ ಬಿಚ್ಚಿ, ಸಹಿಯ ಪುಟ ತೆಗೆದು, ಪೆನ್ನಿನ ಮುಚ್ಚಳ ಕಳಚಿಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಸಲೀಸಾಗಿ ಯಾರಿಗೂ ಅವಳು ಲೆಕ್ಕ ಕಲಿಸಿರಲಿಲ್ಲ.

ಹತ್ತು ನಿಮಿಷಕ್ಕೆ ಸಾಹೇಬರು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ, ಸಣ್ಣಗೆ ಹಾಡು ಗುನುಗುತ್ತ ಬಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

"ನಾನು ಹೊರಗೆ ಬಂದಾಗ ಅಲ್ಲಿ ಒಂದು ನರಪಿಳ್ಳೆನೂ ಇರ್ಲಿಲ್ಲಮ್ಮ. ಸಾಲೂ ಇಲ್ಲ, ಗೀಲೂ ಇಲ್ಲ. ಒಂದೇ ಸಾಕು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?"

"ಕಾದು ಕಾದು ಕೆಳಗಿನ ಮಹಡಿಗೆ ಹೋಗಿರ್ತಾರೆ ಸರ್."

"ಹೋದ್ರಲ್ಲ, ಮುಗೀತು. ಆರು ಲೈನೇ ಇರ್ಲಿ."

ಲೆಕ್ಕದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸೋಮವಾರ ಸಂಜೆ ಮುಸುಕೆಳೆದು ಮಲಗುವ ಮಕ್ಕಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದರು. ಆದರೆ ಬಾಯಲ್ಲಿ ಬಂದದ್ದು ಜೇನು. ಎದ್ದು ಹೋಗಿ ಹೂಜಿ ತುಂಬಿಸಿ ತಂದು, ಲೋಟಕ್ಕೆ ಬಗ್ಗಿಸಿ ಕೈಗಿತ್ತಳು. "ಹೋಗ್ಲಿ ಬಿಡಿ ಸರ್. ನೀರು ಕುಡೀರಿ, ಡಾಕ್ಟರ ಮಾತು ಮೀರಬಾರ್ದು." ಅವಳ ಕಾಳಜಿಗೆ ಕರಗಿದ ಸಾಹೇಬರು ಒಂದರ ಹಿಂದೆ ಒಂದು ಮೂರು ಲೋಟ ಕುಡಿದರು. ಅವಳು ಕಡತ ಎತ್ತಿಕೊಂಡು ಹೊರಟಳು.

ಅರ್ಧ ಗಂಟೆಯ ನಂತರ ಹಜಾರದ ತುದಿಯ ಆ ಒಂದೇ ಶೌಚಾಲಯದೊಳಗೆ, ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಲೆಕ್ಕದಮ್ಮ ಕುಳಿತಿದ್ದಳು. ದಾಪುಗಾಲಿನ ಸದ್ದು ಹತ್ತಿರವಾಯಿತು. ಬಾಗಿಲು ಅಲುಗಿತು. ಒಮ್ಮೆ ತಟ್ಟಿದರು, ಇನ್ನೊಮ್ಮೆ ತಟ್ಟಿದರು, ಆಮೇಲೆ ಬಡಿದರು. ಮೆಟ್ಟಿಲು ಇಳಿದು ಕೆಳಗಿನ ಮಹಡಿಗೆ ಹೋಗುವಷ್ಟು ವ್ಯವಧಾನ ಆ ಹೊತ್ತಿನಲ್ಲಿ ಯಾರಿಗಿರುತ್ತದೆ?

ಲೆಕ್ಕದಮ್ಮ ಗಂಟಲು ಸರಿಮಾಡಿಕೊಂಡು, ಫೋನಿನೊಳಗಿನ ಹೆಂಗಸಿನ ಸಕ್ಕರೆಯ ದನಿಯಲ್ಲಿ ಉಲಿದಳು: "ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ."

ಆಚೆ ಬಡಿತ ನಿಂತಿತು. ಬಳಿಕ ನಿಂತಲ್ಲೇ ಕಾಲು ಬದಲಿಸುವ ಸದ್ದು. ಅವಳು ಬಾಗಿ, ಸಹಿಯ ಪುಟ ತೆರೆದಿದ್ದ ಕಡತವನ್ನು ಪೆನ್ನಿನ ಸಮೇತ ಬಾಗಿಲ ಕೆಳಗಿನ ಸಂದಿಯಿಂದ ಹೊರಕ್ಕೆ ತಳ್ಳಿದಳು.

"ಲೆಕ್ಕದಮ್ಮಾ," ಸಾಹೇಬರ ದನಿ ಬೆಣ್ಣೆಯಾಗಿತ್ತು, "ಅರವತ್ತು ಸಾಕಾಗತ್ತಾ? ತೊಂಬತ್ತು ಬರೀಲಾ?"