ಕ್ಯಾಸೆಟ್ಟಿನ ಕೊನೆಯ ಸಾಲು

ಡ್ರಮ್ಮು ಗುಡುಗಿತು, ಗಿಟಾರು ಕಿರುಚಿತು, ಪರದೆಯ ತುಂಬ ಹೊಗೆ. ಆ ಹೊಗೆಯೊಳಗಿಂದ ಅಂಬ್ರಪ್ಪನ ಫೋಟೊ ಮೂಡಿ ಬಂದಾಗ ದೋರನಹಳ್ಳಿಯ ಸಮುದಾಯ ಭವನದಲ್ಲಿ ಸಿಳ್ಳೆಯೋ ಸಿಳ್ಳೆ. ಸನ್ಮಾನದ ಶಾಲು ಹೊದ್ದು ಮುಂದಿನ ಕುರ್ಚಿಯಲ್ಲಿ ಕೂತಿದ್ದ ಅವನ ಹೆಂಡತಿ ಕರೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬದುಕಿದ್ದಾಗ ಬೀಡಿಯ ಹೊಗೆ ಬಿಟ್ಟರೆ ಬೇರೆ ಹೊಗೆ ಕಂಡವನಲ್ಲ ಆತ.

ಅಂಬ್ರಪ್ಪ ಕಾಲುವೆಯ ಕೊನೆಗಿದ್ದ ತುಂಡು ಹೊಲದಲ್ಲಿ ದುಡಿಯುತ್ತ ಹೋರಾಟದ ಹಾಡು ಕಟ್ಟಿದವನು. ಅವನು ಸತ್ತು ಎಷ್ಟೋ ವರ್ಷದ ಮೇಲೆ ಕಲಬುರ್ಗಿಯ ಹುಡುಗರು ಆ ಹಾಡುಗಳನ್ನು ರಾಕ್ ಸಂಗೀತಕ್ಕೆ ಹೊಂದಿಸಿ, ಅವನ ನೆನಪಿಗೆಂದು ದೊಡ್ಡ ಮೈದಾನದಲ್ಲಿ ಹಾಡಿ, ಅದನ್ನೇ ಸಿನಿಮಾ ಮಾಡಿದ್ದರು. ಮೊದಲ ಆಟ ಅವನ ಊರಲ್ಲೇ ಆಗಲಿ ಎಂದು ಕಿಟಕಿಗಳಿಗೆ ತಾಡಪತ್ರಿ ಕಟ್ಟಿ ಹಾಡುಹಗಲಲ್ಲೇ ಕತ್ತಲೆ ಮಾಡಿದ್ದರು.

"ಅಂಬ್ರ್ಯಾ ಇದನ್ನ ಕೇಳಿದ್ರ ಊರು ಬಿಟ್ಟು ಓಡ್ತಿದ್ದ ನೋಡು ಯಕ್ಕ," ಎಂದ ಪಕ್ಕದಲ್ಲಿದ್ದ ಲಾಡ್ಲೇಸಾಬ. ರೇಡಿಯೊ ರಿಪೇರಿಯವನು, ಅಂಬ್ರಪ್ಪನ ಜೀವದ ಗೆಳೆಯ. ಎಲ್ಲ ಹಾಡುಗಳನ್ನೂ ತನ್ನ ಟೇಪಿನಲ್ಲಿ ಹಿಡಿದಿಟ್ಟವನೂ, ಆ ಕ್ಯಾಸೆಟ್ಟುಗಳನ್ನು ಹುಡುಗರಿಗೆ ಕೊಟ್ಟವನೂ ಅವನೇ.

"ಓಡ್ತಿದ್ದಿಲ್ಲ ಬಿಡೋ. ಅವರೂ ಕುಣೀತಿದ್ರು," ಎಂದಳು ಕರೆಮ್ಮ.

ಪರದೆಯ ಮೇಲೆ ಹರಿದ ಪ್ಯಾಂಟಿನ ಹುಡುಗಿಯೊಬ್ಬಳು ಮೈಕು ಹಿಡಿದಳು. "ಇದು ಅವರ ಕೊನೀ ಹಾಡು. ಇದನ್ನ ಹಾಡಿ ಹೊಲಕ್ಕ ಹೋದವರು ತಿರುಗಿ ಬರಲಿಲ್ಲ." ಕಾಲುವೆ ತೋಡಿದವರ ಹೊಲಕ್ಕೇ ಕಾಲುವೆಯ ನೀರು ಮುಟ್ಟದ ಹಾಡು ಅದು. ಕರೆಮ್ಮ ಕಣ್ಣೊರೆಸಿಕೊಂಡು ತಲೆದೂಗುತ್ತಿದ್ದಳು. ಹಾಡು ಏರಿ ಏರಿ, ಅರ್ಧಕ್ಕೇ ಎಲ್ಲ ವಾದ್ಯಗಳೂ ಗಪ್ಪನೆ ನಿಂತವು. ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಗದರಿದಳು:

"ಎಷ್ಟೊತ್ತು ಕುಂದ್ರತೀರಿ? ಏಳ್ರಿ. ಕಾಲುವಿಗಿ ನೀರು ಬಂದಾವ."

ಮೈದಾನದಲ್ಲಿದ್ದ ಸಾವಿರಾರು ಜನ ಅದನ್ನೇ ತಿರುಗಿ ಕೂಗಿದರು. ಭವನದ ಹುಡುಗರೂ ಕುರ್ಚಿ ಬಿಟ್ಟೆದ್ದು ದನಿಗೂಡಿಸಿದರು. ಕರೆಮ್ಮ ತಲೆದೂಗುವುದನ್ನು ನಿಲ್ಲಿಸಿದಳು. ಅದು ಅಂಬ್ರಪ್ಪ ಕಟ್ಟಿದ ಸಾಲಲ್ಲ. ಅದು ಅವಳ ಮಾತು.

ಆ ಕೊನೆಯ ಸಂಜೆ ಅಂಬ್ರಪ್ಪ ಕಟ್ಟೆಯ ಮೇಲೆ ಕೂತು ಲಾಡ್ಲೇಸಾಬನ ಟೇಪಿಗೆ ಹಾಡುತ್ತಿದ್ದ. ಬಹಳ ದಿನದ ಮೇಲೆ ಕೊನೆಯ ಹೊಲಗಳಿಗೆ ನೀರು ಬಿಟ್ಟಿದ್ದರು. ಓಣಿಯವರೆಲ್ಲ ಸಲಿಕೆ ಹಿಡಿದು ಹೋಗಿಯಾಗಿತ್ತು. ಇವನಿಗೋ ಹಾಡಿನದೇ ಧ್ಯಾನ. ಕರೆಮ್ಮ ಬಾಗಿಲಿಗೆ ಬಂದು ಗದರಿದಳು. ಅವನು ನಕ್ಕು, ಹಾಡನ್ನು ಅಲ್ಲಿಗೇ ಬಿಟ್ಟು, ಸಲಿಕೆ ಹೆಗಲಿಗೇರಿಸಿ ನಡೆದ. ಒಡ್ಡಿನ ಮೇಲೆ ಹಾವು ಕಚ್ಚಿತು. ಶಹಾಪುರದ ಆಸ್ಪತ್ರೆ ಮುಟ್ಟುವುದರೊಳಗೆ ಉಸಿರು ನಿಂತಿತ್ತು. ಅಂದಿನಿಂದ ಕರೆಮ್ಮ ಯಾರಿಗೂ 'ಏಳು' ಅಂದವಳಲ್ಲ. ಮೊಮ್ಮಕ್ಕಳನ್ನೂ ಭುಜ ಅಲುಗಿಸಿಯೇ ಎಬ್ಬಿಸುತ್ತಾಳೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕರೆಮ್ಮನ ಮಾತು ಎಲ್ಲಿಗೂ ಹೋಗಿರಲಿಲ್ಲ, ಕ್ಯಾಸೆಟ್ಟಿನಲ್ಲಿ ಕಾದು ಕೂತಿತ್ತು.

"ಅವತ್ತು ಟೇಪು ಬಂದ್ ಮಾಡಿದ್ದಿಲ್ಲೇನು?" ಎಂದಳು.

ಲಾಡ್ಲೇಸಾಬ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮರ್ತಿದ್ದೆ ಯಕ್ಕ. ಆಮ್ಯಾಲೆ ಅಳಸಾಕ ಮನಸ್ಸಾಗಲಿಲ್ಲ. ಅವನು ನಕ್ಕಿದ್ದೂ ಅದರಾಗೇ ಅದ."

ಆಟ ಮುಗಿದು ತಾಡಪತ್ರಿ ಬಿಚ್ಚಿದರು. ಪರದೆಯ ಮೇಲಿದ್ದ ಹುಡುಗಿಯೇ ಜನರನ್ನು ಸರಿಸಿಕೊಂಡು ಓಡಿ ಬಂದು ಕರೆಮ್ಮನ ಪಾದ ಹಿಡಿದಳು. ದೇವಕಿ ಅಂತ ಹೆಸರು.

"ಅವ್ವ, ಕ್ಯಾಸೆಟ್ಟಿನಾಗ ಆ ಕಡೀ ಸಾಲು ಹಾಡಿದಾಕಿ ಯಾರ್ರಿ? ಆ ದನಿ ಕಲಿಯಾಕ ತಿಂಗಳುಗಟ್ಲೆ ಅದನ್ನ ಕೇಳೀನಿ. ಆಕಿಗೂ ಹೊದಿಸಬೇಕಂತ ಇನ್ನೊಂದು ಶಾಲು ತಂದೀವಿ."

ಕರೆಮ್ಮ ಅವಳ ಭುಜ ಹಿಡಿದು ಎತ್ತಲು ನೋಡಿದಳು. ಹುಡುಗಿ ನಗುತ್ತ ಇನ್ನೂ ಗಟ್ಟಿಯಾಗಿ ಕೂತಳು. "ಹೇಳೂತನಕ ಏಳಂಗಿಲ್ರಿ ನಾ."

ಹಿಂದೆ ಹುಡುಗರು ಇನ್ನೂ ಅದೇ ಸಾಲು ಕೂಗುತ್ತ ಹೊರಗೆ ಹೋಗುತ್ತಿದ್ದರು. ನನಗೆ ಗೊತ್ತಿಲ್ಲವ್ವ ಎಂದರೆ ಅಲ್ಲಿಗೇ ಮುಗಿಯುತ್ತಿತ್ತು. ಸಾಲು ಗಂಡನ ಹೆಸರಿನಲ್ಲೇ ಉಳಿಯುತ್ತಿತ್ತು. ಕರೆಮ್ಮ ಲಾಡ್ಲೇಸಾಬನ ಕಡೆ ನೋಡಿದಳು. ಅವನು ಟೋಪಿ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ. ಮತ್ತೆ ಹುಡುಗಿಯ ಕಡೆ ತಿರುಗಿದಳು.

"ಎಷ್ಟೊತ್ತು ಕುಂದ್ರತಿ?" ಎಂದಳು ಕರೆಮ್ಮ. "ಏಳು."

ಹುಡುಗಿಯ ನಗು ನಿಂತುಹೋಯಿತು. ಮುಖ ಮೇಲೆತ್ತಿ ಕರೆಮ್ಮನ ಬಾಯನ್ನೇ ನೋಡಿದಳು. ಪಾದದ ಮೇಲಿದ್ದ ಕೈ ಅಲ್ಲೇ ಇತ್ತು. ಅವಳು ಏಳಲಿಲ್ಲ.