ಗುರುತು ಬಿಡದವರು

ನೆಲ ಬೆಚ್ಚಗಿತ್ತು. ಗುರುಸಂಗಪ್ಪ ಅಂಗೈಯನ್ನು ಮತ್ತೊಮ್ಮೆ ಊರಿ ನೋಡಿದ. ಅನುಮಾನವೇ ಇಲ್ಲ, ಸ್ವಲ್ಪ ಹೊತ್ತಿನ ಹಿಂದೆ ಇಲ್ಲಿ ಯಾರೋ ಒಲೆ ಉರಿಸಿದ್ದಾರೆ. ಆದರೆ ಬೂದಿ ಇಲ್ಲ. ಒಲೆಗೆ ಹೂಡಿದ ಕಲ್ಲಿಲ್ಲ. ಉಂಡ ಎಲೆ, ಎತ್ತಿನ ಸಗಣಿ, ಚಕ್ಕಡಿಯ ಗಾಲಿಯ ಗೆರೆ, ಒಂದೂ ಇಲ್ಲ. ಈ ಬೇಸಿಗೆಯಲ್ಲಿ ಇದು ಎಷ್ಟನೆಯ ಸಲವೋ.

"ಕಳ್ಳರ ಕೆಲಸ," ಎಂದ ಊರ ಕಾವಲಿನ ವಾಲೀಕಾರ ದುರಗಪ್ಪ, ಮೀಸೆ ತಿರುವುತ್ತ. "ಗುರುತು ಅಳಿಸಿ ಹೋಗಾವ್ರು ಕಳ್ಳರ ಬಿಟ್ರ ಮತ್ಯಾರ ಇರತಾರ್ರಿ, ಅಜ್ಜಾರ?"

"ಸಗಣಿ ಕದಿಯೋ ಕಳ್ಳರೇನೋ?"

"ಸಗಣೀನೂ ಬಿಡವಲ್ರು ಅಂದ್ರ ಎಂಥಾ ಕಳ್ಳರಿರಬೇಕು, ವಿಚಾರ ಮಾಡ್ರಿ!"

ನಮ್ಮ ಕಡೆಯ ಊರುಗಳು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತಿದು. ಲಕ್ಕಲಕಟ್ಟಿಯ ಗುಡ್ಡದ ಓರೆಯಲ್ಲಿ ಒಂದು ಹೊಂಡ. ಬೇಸಿಗೆಯಲ್ಲೂ ಬತ್ತದ ನೀರು, ದಂಡೆಯಲ್ಲಿ ಬೇವಿನ ನೆರಳು. ನರಗುಂದ, ರೋಣದ ಕಡೆಯಿಂದ ಗಜೇಂದ್ರಗಡದ ಸಂತೆಗೆ ಹೊರಟ ಚಕ್ಕಡಿಗಳು ಅಲ್ಲಿ ಬೀಡು ಬಿಡುತ್ತಿದ್ದವು. ಹೊಂಡ ಕಾಯುವ ಕೆಲಸ ಹೆಸರಿಗೆ ಗುರುಸಂಗಪ್ಪನದು. ನಿಜವಾಗಿ ಅವನ ಹೆಂಡತಿ ಸಿದ್ದಲಿಂಗವ್ವನದು. ಆಕೆಯ ಕಟ್ಟಳೆ ಸರಳ. ಬಂದವರನ್ನು ತಡೆಯಬಾರದು; ಬಂದವರು ಹೊಲಸು ಬಿಟ್ಟು ಹೋಗಬಾರದು. ಮಳೆ ಬಿದ್ದರೆ ದಂಡೆಯ ಹೊಲಸೆಲ್ಲ ಹೊಂಡಕ್ಕೆ, ಹೊಂಡದ ನೀರು ಊರಿನ ಕೊಡಕ್ಕೆ.

"ಗೌಡರಿಗೆ ಹೇಳಿ ದಾರಿಗೆ ಮುಳ್ಳು ಹಚ್ಚಸ್ತೀನಿ," ಎಂದ ದುರಗಪ್ಪ. "ಯಾರೂ ಇಲ್ಲಿ ಇಳ್ಕೊಳ್ಳೂದ ಬ್ಯಾಡ."

ಗುರುಸಂಗಪ್ಪ ಹೊಂಡದ ಕಡೆ ನೋಡಿದ. ಮುಳ್ಳು ಹಚ್ಚಿದರೆ ಬಾಯಾರಿದ ಎತ್ತುಗಳಿಗೆ ಗಜೇಂದ್ರಗಡದ ತನಕ ಹನಿ ನೀರಿಲ್ಲ. ಸಿದ್ದಲಿಂಗವ್ವನಿಗೆ ಯಾವ ಮುಖ ತೋರಿಸುವುದು?

"ತಡಿಯೋ. ಸಂತಿ ಮುಗಿಸಿ ಹೊಳ್ಳಿ ಬರಾವ್ರು ಇವತ್ತ ಇಲ್ಲೇ ಇಳೀತಾರ. ನಾಳೆ ನಸುಕಿನ್ಯಾಗ ಬಂದು ಹಿಡಿಯೂಣು. ಕಳ್ಳರಾಗಿದ್ರ ಹಚ್ಚು ಮುಳ್ಳು."

ಸಂಜೆ ಅವನು ಹೊಲಕ್ಕೆ ಹೋದ. ಸಿದ್ದಲಿಂಗವ್ವ ಬದುವಿನ ಬನ್ನಿ ಗಿಡದ ಕೆಳಗೇ ಇದ್ದಳು. ಪಕ್ಕದಲ್ಲಿ ಕುಳಿತು ನಡೆದುದನ್ನೆಲ್ಲ ಹೇಳಿದ. ಆಕೆ ಏನೂ ಅನ್ನಲಿಲ್ಲ. ಒಂದು ಮಾತಿಗೆ ಹತ್ತು ಮಾತು ಆಡುತ್ತಿದ್ದ ಹೆಂಗಸು. ಈಗ ಇಬ್ಬರ ಮಾತನ್ನೂ ಅವನೇ ಆಡಬೇಕು. "ಇಷ್ಟ ಬಿಗುಮಾನ ಚಲೋ ಅಲ್ಲ ನೋಡು," ಎಂದು ಎದ್ದು ಮನೆಗೆ ಬಂದ. ನೆರೆಮನೆಯ ಶೇಖವ್ವ ಕೊಟ್ಟ ರೊಟ್ಟಿ ತಿಂದು, ಶಿವನನ್ನು ನೆನೆದು ಮಲಗಿದ.

ನಸುಕಿನಲ್ಲಿ ಇಬ್ಬರೂ ಬಂಡೆಯ ಮರೆಗೆ ಕುಳಿತರು. ದಂಡೆಯಲ್ಲಿ ಒಂದು ಚಕ್ಕಡಿ. ಗಂಡಸೊಬ್ಬ ತೊಗರಿ ಕಡ್ಡಿಯ ಕಸಬರಿಗೆ ಹಿಡಿದು, ಹಿಂದು ಹಿಂದಕ್ಕೆ ನಡೆಯುತ್ತ, ಗಾಲಿಯ ಗೆರೆ ಅಳಿಸುತ್ತಿದ್ದ. ಹೆಂಗಸೊಬ್ಬಳು ಬೂದಿಯನ್ನು ಡಬ್ಬಿಗೆ ತುಂಬಿ, ಸಗಣಿಯ ಪುಟ್ಟಿಯನ್ನು ಚಕ್ಕಡಿಗೆ ಏರಿಸಿದಳು. ಆಮೇಲೆ ಇಬ್ಬರೂ ಕಂದೀಲು ಹಿಡಿದು, ನೆಲಕ್ಕೆ ಮೂಗು ಹಚ್ಚಿ, ಏನನ್ನೋ ಹುಡುಕತೊಡಗಿದರು.

"ಕದ್ದ ಬಂಗಾರ ಬಿದ್ದೈತಿ," ದುರಗಪ್ಪ ಪಿಸುಗುಟ್ಟಿದ. ಬಡಿಗೆ ಎತ್ತಿ ಹಾರಿದ. "ಏಯ್, ಏನ ಹುಡಕತಿ?"

ಗಂಡಸು ಗಡಬಡಿಸಿ ಕಂದೀಲು ಎತ್ತಿದ. "ಬೆಂಕಿಕಡ್ಡಿ ರೀ."

"ಏನು?"

"ಬೀಡಿ ಹಚ್ಚಿದ ಕಡ್ಡಿ ರೀ. ಎಲ್ಲಿ ಬಿತ್ತೋ, ಸಿಗವಲ್ದು." ಅಷ್ಟರಲ್ಲಿ ಗುರುಸಂಗಪ್ಪನನ್ನು ಕಂಡು ಕೈಮುಗಿದ. "ಅಜ್ಜಾರ, ನಾ ನರಗುಂದದ ಮೈನುದ್ದೀನ. ಶೇಂಗಾ ವ್ಯಾಪಾರದಾವ. ನಿಮ್ಮ ಮನಿ ಸಿದ್ದಲಿಂಗವ್ವ ಆಯಿಗೆ ಮಾತ್ರ ಹೇಳಬ್ಯಾಡ್ರಿ!"

"ಕಡ್ಡಿ ಕಿಸೇದಾಗ ಇಟ್ಕೋರಿ ಅಂತ ಬಡ್ಕೊಂಡೆ," ಎಂದಳು ಅವನ ಹೆಂಡತಿ ಕಮರುನ್ನಿಸಾ. "ಈಗ ಬೈಸ್ಕೋರಿ."

ಮೈನುದ್ದೀನ ಹೇಳಿಕೊಂಡ. ಹಿಂದೊಮ್ಮೆ ಅವನು ಇಲ್ಲಿ ಉಳ್ಳಾಗಡ್ಡಿ ಸಿಪ್ಪೆ ಬಿಟ್ಟು ಹೋಗಿದ್ದ. "ಗಾಲಿ ಗುರುತು ಹಿಡಿದು ಪುರ್ತಗೇರಿ ತನಕ ಬೆನ್ನಹತ್ತಿ ಬಂದ್ಲು ರೀ ಆಯಿ. ಚಕ್ಕಡಿ ಹೊಳ್ಳಿಸಿ, ಒಂದೊಂದ ಸಿಪ್ಪಿ ನನ್ನ ಕೈಲೇ ಆರಿಸಿದ್ಲು. ಅದಕ್ಕ ಸವಡಿ, ರೋಣ, ನರಗುಂದದ ಚಕ್ಕಡಿಯವ್ರಿಗೆಲ್ಲಾ ಹೇಳೀನಿ, ಗಾಲಿ ಗುರುತೂ ಬಿಡಬ್ಯಾಡ್ರೋ ಅಂತ. ಮೊದಲ ಆಕಿ ಕಣ್ಣಿಗೆ ಕಾಣತಿದ್ಲು, ಅಂಜಿಕಿ ಕಡಿಮಿ ಇತ್ತು. ಈಗ ಕಾಣವಲ್ಲಳು. ಎಲ್ಲೆರೆ ಮರಿಗೆ ಕುಂತು ನೋಡ್ತಿರತಾಳ ಅಂತ ಎಲ್ಲಾರ್ಗೂ ಜೀವ ಢವಢವ ಅಂತೈತಿ."

ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಕೇಳಿದ. "ಆಯಿ ಈಗ ಎಲ್ಲಿ ಅದಾರ್ರಿ?"

ಗುರುಸಂಗಪ್ಪ ಸುಳ್ಳು ಆಡುವವನಲ್ಲ. ಕೊರಳ ಲಿಂಗವನ್ನು ಮುಟ್ಟಿಕೊಂಡ. "ಹೊಲದಾಗ ಅದಾಳ. ಹೊಲಾ ಬಿಟ್ಟು ಎಲ್ಲೂ ಹೋಗವಲ್ಲಳು."

"ಇತ್ತ ಬರತಾಳೇನ್ರಿ?"

"ಆಕಿ ಎದ್ದು ಬಂದಳಂದ್ರ, ಮೈನುದ್ದೀನ, ನಿನ್ನ ಪಾಡು ಹಾಂಗಿರಲಿ, ನಾನೂ ಇಲ್ಲಿ ನಿಲ್ಲೂದಿಲ್ಲ."

ದುರಗಪ್ಪನಿಗೆ ಜೋರಾಗಿ ಕೆಮ್ಮು ಬಂತು.

"ಸಿಕ್ತು!" ಎಂದು ಕಮರುನ್ನಿಸಾ ಕೂಗಿದಳು. ಕಡ್ಡಿ ಗಂಡನ ರುಮಾಲಿನ ಮಡಿಕೆಯಲ್ಲೇ ಇತ್ತು. ಅದನ್ನು ಎಳೆದು ತೆಗೆದು ಗುರುಸಂಗಪ್ಪನ ಕೈಗಿಟ್ಟಳು. "ಆಯಿಗೆ ತೋರಿಸ್ರಿ ಅಜ್ಜಾರ, ಕಡ್ಡೀನೂ ಬಿಟ್ಟಿಲ್ಲ ಅಂತ."

ಚಕ್ಕಡಿ ಎಂದೂ ಓಡದ ವೇಗದಲ್ಲಿ ಗುಡ್ಡ ಇಳಿಯಿತು.

"ಮುಳ್ಳಿನ ಮಾತು ಏನ್ರಿ ಮತ್ತ?" ಎಂದ ದುರಗಪ್ಪ.

"ಬ್ಯಾಡ. ಹೊಂಡಾ ಕಾಯಾಕ ಆಕಿ ಅದಾಳಲ್ಲ."

"ಹೌದ್ರಿ," ಎಂದ ದುರಗಪ್ಪ ಮೆಲ್ಲಗೆ. "ಅದಾಳ."

ಬಿಸಿಲೇರುವ ಮೊದಲೇ ಗುರುಸಂಗಪ್ಪ ಹೊಲ ಮುಟ್ಟಿದ. ಬನ್ನಿ ಗಿಡದ ಕೆಳಗೆ ಕುಳಿತು ದಣಿವಾರಿಸಿಕೊಂಡ. "ಮೂರೂ ಊರಾಗ ನಿನ್ನ ಅಂಜಿಕಿ ಇನ್ನೂ ಹೋಗಿಲ್ಲಬೇ," ಎಂದು ನಕ್ಕ.

ಆಮೇಲೆ ಆ ಬೆಂಕಿಕಡ್ಡಿಯನ್ನು, ಹೋದ ವರ್ಷ ತಾನೇ ಕಲ್ಲು ಹೊತ್ತು ಕಟ್ಟಿದ ಆಕೆಯ ಸಮಾಧಿಯ ಮೇಲೆ, ನಿನ್ನೆಯ ಬಿಲ್ವಪತ್ರೆಯ ಪಕ್ಕದಲ್ಲಿ ಇಟ್ಟ.