ಎರಡು ತಲೆಯ ನೆರಳುಗಳು

ನನ್ನ ಬಾಲ್ಯದ ಶಾಲೆಯಲ್ಲಿ, ಇದ್ದಿಲು ಮತ್ತು ತೊಂಡೆ ಎಲೆ ಅರೆದು ಬಳಿದ ಕರಿಹಲಗೆಯ ಹಸಿ ವಾಸನೆಯಿರುತ್ತಿತ್ತು. ಈಗಿನ ತರಗತಿಗೆ ಸುಣ್ಣದ ವಾಸನೆ. ಸಾಂಕ್ರಾಮಿಕ ಬಂದಮೇಲೆ ಮಕ್ಕಳು ಮನೆಯಲ್ಲೇ ಇರುತ್ತಾರೆ, ಅವರ ನೆರಳುಗಳು ಮಾತ್ರ ಶಾಲೆಗೆ ಬಂದು ಬಿಳಿ ಗೋಡೆಯ ಮೇಲೆ ಸಾಲಾಗಿ ಕೂರುತ್ತವೆ. ಜಿಲ್ಲಾ ಶಿಕ್ಷಣ ಇಲಾಖೆಯವರು ಮನೆಮನೆಗೆ ಕೊಟ್ಟಿರುವ ದೀಪದ ಮುಂದೆ ಮಗು ಕೂತರಾಯಿತು, ನೆರಳು ಇಲ್ಲಿ ಗೋಡೆಯ ಮೇಲೆ ಮೂಡುತ್ತದೆ. ನಿವೃತ್ತಳಾಗಿದ್ದ ನನ್ನನ್ನೂ ಪಾಠಕ್ಕೆ ಮತ್ತೆ ಕರೆದರು.

ಶಾಹಿನಾಳ ನೆರಳಿಗೆ ಮಾತ್ರ ಎರಡು ತಲೆ. ತಾಯಿ ಆಸ್ಪತ್ರೆಯಲ್ಲಿದ್ದುದರಿಂದ ಅವಳು ಪುಟ್ಟ ತಮ್ಮನನ್ನು ಎತ್ತಿಕೊಂಡೇ ಕಲಿಯುತ್ತಿದ್ದಳು. ಒಂದು ದೀಪಕ್ಕೆ ಒಂದೇ ನೆರಳು ಎಂಬುದು ನಿಯಮ. ತಪ್ಪಿದರೆ ದೀಪ ವಾಪಸು. ಓದೂ ಅಲ್ಲಿಗೆ ನಿಂತಂತೆ.

ಇವತ್ತು ತಪಾಸಣೆಗೆ ಹಂಚಿನಾಳ ಸಾಹೇಬರು ಬಂದರು. ನಾನು ಹೆದರುತ್ತಲೇ ಗೋಡೆಯತ್ತ ತಿರುಗಿದರೆ, ಎಲ್ಲ ನೆರಳುಗಳಿಗೂ ಎರಡೆರಡು ತಲೆ! ಒಬ್ಬ ದಿಂಬು ಎತ್ತಿಕೊಂಡಿದ್ದ, ಇನ್ನೊಬ್ಬಳು ಕೊಡ. ನೀಲವ್ವನ ಕಂಕುಳಲ್ಲಿ ಆಡಿನ ಮರಿ; ಅದರ ಕಿವಿ ಅಲ್ಲಾಡುತ್ತಿತ್ತು. ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ನನ್ನ ಕಣ್ಣು ತುಂಬಿತು.

"ಏನ್ರಿ ಅಕ್ಕೋರೆ, ಇದು ಸಾಲಿಯೋ, ರಾವಣನ ಮನಿಯೋ?"

"ದೀಪ ಕೆಟ್ಟಿರಬೇಕ್ರಿ, ಸಾಹೇಬ್ರ."

"ಎಲ್ಲಾ ಒಮ್ಮೆಲೇ?"

"ಹೂಂನ್ರಿ."

ಅವರು ಗೋಡೆಯುದ್ದಕ್ಕೂ ನಿಧಾನವಾಗಿ ನಡೆದು ಶಾಹಿನಾಳ ನೆರಳಿನ ಮುಂದೆ ನಿಂತರು. ಅದರ ಎರಡನೆಯ ತಲೆ ಬೆರಳು ಚೀಪುತ್ತಿತ್ತು.

"ಎಲ್ಲಾರೂ ಹಾಜರ್ ಅಂತ ಬರ್ಕೋರಿ," ಎಂದರು.

ಹೊರಡುವಾಗ ಚೀಲದಿಂದ ತಮ್ಮ ಬುತ್ತಿ ತೆಗೆದು, ಆ ಹುಡುಗಿಯ ಮನೆಗೆ ಮುಟ್ಟಿಸಿರೆಂದು ಮೆಲ್ಲಗೆ ನನ್ನ ಕೈಗಿಟ್ಟರು. "ಮೊಸರನ್ನ ಐತ್ರಿ. ಕೂಸಿಗೂ ಖಾರ ಆಗಂಗಿಲ್ಲ."